ಪಕ್ಕದ ತಟ್ಟೆ ನೋಡುವ ಕಣ್ಣು

ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿ ಐವರ್ನಾಡು ಸಿಗುತ್ತದೆ. ಅಡಿಕೆ ತೋಟ, ಅದರಾಚೆ ರಬ್ಬರ್, ನಡುವೆ ಕೆಂಪು ಮಣ್ಣಿನ ಧರೆ, ಧರೆಯ ಮೇಲೊಂದು ಮನೆ. ಈ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು ಊಟದ್ದೇ. ತುಳುವಿನವರು 'ಒಣಸ್ ಆಂಡಾ?' ಎನ್ನುತ್ತಾರೆ. ಅರೆಭಾಷೆಯವರು 'ಊಟ ಆತಾ?' ಎನ್ನುತ್ತಾರೆ. ರಬ್ಬರ್ ಕಾಲೊನಿಯ ತಮಿಳರ ಬಾಯಲ್ಲಿ ಅದೇ ಪ್ರಶ್ನೆ 'ಸಾಪ್ಟಿಯಾ?' ಆಗುತ್ತದೆ. ಭಾಷೆ ಎಷ್ಟಿದ್ದರೂ ಉತ್ತರ ಒಂದೇ: ಆಯಿತು. ಉಂಡವರೂ ಆಯಿತು ಎನ್ನುತ್ತಾರೆ, ಉಣ್ಣದವರೂ ಆಯಿತು ಎನ್ನುತ್ತಾರೆ. ಹೊಟ್ಟೆ ಖಾಲಿ ಇದ್ದವರು ಇನ್ನೂ ಸ್ವಲ್ಪ ಬೇಗ ಹೇಳಿ ಮುಂದೆ ನಡೆಯುತ್ತಾರೆ.

ಹತ್ತು ವರ್ಷದ ಮಗುವಿಗೆ ಈ ಉಪಚಾರದ ಪ್ರಶ್ನೆ ಗೊತ್ತಿಲ್ಲ. ಅದು ಕೇಳುವುದಿಲ್ಲ, ನೋಡುತ್ತದೆ. ಪಕ್ಕದಲ್ಲಿ ಕೂತವನು ತಟ್ಟೆಯನ್ನು ಎಷ್ಟು ಬೇಗ ಖಾಲಿ ಮಾಡಿದ, ಬೆಳಗ್ಗಿನ ಪ್ರಾರ್ಥನೆಯ ಹೊತ್ತಿಗೆ ಯಾಕೆ ಗೋಡೆಗೆ ಒರಗಿ ನಿಂತ, ನಿನ್ನೆಯ ಒದ್ದೆ ಅಂಗಿಯನ್ನೇ ಯಾಕೆ ಇವತ್ತೂ ತೊಟ್ಟು ಬಂದ, ಇವೆಲ್ಲ ಅದರ ಕಣ್ಣಿಗೆ ಬೀಳುತ್ತವೆ. ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಬರೆಯಲಾಗದ ಸಂಗತಿಗಳು ಬೆಂಚಿನ ಜೊತೆಗಾರನಿಗೆ ಬಾಯಿಪಾಠ. ಹಸಿದ, ಸೂರಿಲ್ಲದ ಸಹಪಾಠಿಗೆ ಮಕ್ಕಳು ತೋರುವ ಕರುಣೆ ಶುರುವಾಗುವುದು ಈ ನೋಟದಿಂದ. ದೊಡ್ಡವರಾದ ನಾವು ಅದರಿಂದ ಕಲಿಯಬೇಕಾದದ್ದು ಬಹಳ ಇದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಹಸಿವಿದ್ದಷ್ಟು ಪಾಲು

ಐವರ್ನಾಡು ಎಂಬ ಹೆಸರು ಕಿವಿಗೆ ಬಿದ್ದರೆ ಪಾಂಡವರು ನೆನಪಾಗದೆ ಇರುವುದಿಲ್ಲ. ಊರಿನ ದೇವಸ್ಥಾನವೂ ಪಂಚಲಿಂಗೇಶ್ವರನದು. ಪಾಂಡವರ ಕತೆಯನ್ನು ನಾವು ಯುದ್ಧದ ಕತೆಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಅದರ ಬಹುಪಾಲು ಮನೆ ಕಳೆದುಕೊಂಡವರ ಕತೆ. ಅರಗಿನ ಮನೆ ಸುಟ್ಟ ಮೇಲೆ ಐವರು ಮಕ್ಕಳೊಂದಿಗೆ ತಾಯಿ ಏಕಚಕ್ರಪುರದಲ್ಲಿ ಯಾರದೋ ಮನೆಯಲ್ಲಿ ಆಸರೆ ಪಡೆದಳು. ಮಕ್ಕಳು ಬೇಡಿ ತಂದ ಅನ್ನವನ್ನು ಕುಂತಿ ಐದು ಸಮಪಾಲು ಮಾಡಲಿಲ್ಲ. ಅರ್ಧ ಭೀಮನಿಗೆ, ಉಳಿದರ್ಧ ಮಿಕ್ಕವರಿಗೆ. ಯಾರ ಹಸಿವು ಎಷ್ಟೋ ಅವರ ಪಾಲು ಅಷ್ಟು. ಅಳತೆಯ ನ್ಯಾಯಕ್ಕಿಂತ ಹಸಿವಿನ ನ್ಯಾಯ ದೊಡ್ಡದೆಂದು ಆ ತಾಯಿಗೆ ಗೊತ್ತಿತ್ತು.

ಅದೇ ನ್ಯಾಯ ನಮ್ಮ ಶಾಲೆಗಳ ಜಗಲಿಯಲ್ಲಿ ತಲೆಮಾರುಗಳಿಂದ ನಡೆದುಕೊಂಡು ಬಂದಿದೆ. ಬಿಸಿಯೂಟ ಬರುವುದಕ್ಕಿಂತ ಮುಂಚೆ ಪುತ್ತೂರು, ಸುಳ್ಯ ಕಡೆಯ ಶಾಲೆಗಳಲ್ಲಿ ಕಲಿತವರನ್ನು ಕೇಳಿ ನೋಡಿ. ಬುತ್ತಿಯ ಮುಚ್ಚಳ ತೆಗೆಯುವ ಹೊತ್ತಿಗೆ ಬಾವಿಕಟ್ಟೆಯ ಕಡೆ ಹೋಗಿ ನೀರು ಕುಡಿದು ಬರುವ ಒಬ್ಬನಾದರೂ ಪ್ರತಿ ತರಗತಿಯಲ್ಲಿ ಇರುತ್ತಿದ್ದ. ಅವನು ಯಾಕೆ ಹೋಗುತ್ತಾನೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಯಾರಾದರೊಬ್ಬರು 'ಅಮ್ಮ ಇವತ್ತು ದೋಸೆ ಜಾಸ್ತಿ ಕಟ್ಟಿದ್ದಾರೆ, ಹೊತ್ತುಕೊಂಡು ಹೋದರೆ ಬೈತಾರೆ' ಎಂದು ಮುಚ್ಚಳಕ್ಕೆ ಎರಡು ನೀರುದೋಸೆ ಹಾಕುತ್ತಾರೆ. ಮತ್ತೊಬ್ಬರು 'ನಂಗೆ ತಿಮರೆ ಚಟ್ನಿ ಸೇರೂದಿಲ್ಲ, ನೀನು ತಿನ್ನು ಮಾರಾಯ' ಎಂದು ದೂಡುತ್ತಾರೆ. ಹೇಳುವವನಿಗೂ ಅದು ಸುಳ್ಳೆಂದು ಗೊತ್ತು, ಕೇಳುವವನಿಗೂ ಗೊತ್ತು. ಆ ಸುಳ್ಳನ್ನು ಇಬ್ಬರೂ ಸೇರಿ ಕಾಪಾಡುತ್ತಾರೆ.

ಈ ಸುಳ್ಳಿಗೆ ನಾನು ತಲೆಬಾಗುತ್ತೇನೆ. ಕೊಡುವವನು ತನ್ನ ಕೈಯನ್ನು ಕೆಳಗಿಟ್ಟು, ತಿನ್ನುವವನೇ ಉಪಕಾರ ಮಾಡಿದಂತೆ ತೋರಿಸುವ ಈ ಜಾಣ್ಮೆಯನ್ನು ಯಾವ ಪಾಠದಲ್ಲೂ ಕಲಿಸಿಲ್ಲ. ಹಸಿವು ಹೊಟ್ಟೆಯನ್ನು ಸುಡುವುದಕ್ಕಿಂತ ಹೆಚ್ಚಾಗಿ ಮುಖವನ್ನು ಸುಡುತ್ತದೆ ಎಂಬುದು ಮಕ್ಕಳಿಗೆ ಅರ್ಥವಾಗಿರುತ್ತದೆ. ಹಾಗಾಗಿ ಅವರು ಮೊದಲು ಗೆಳೆಯನ ಮುಖ ಉಳಿಸುತ್ತಾರೆ, ಆಮೇಲೆ ಹೊಟ್ಟೆ ತುಂಬಿಸುತ್ತಾರೆ.

ಮಕ್ಕಳೆಲ್ಲ ದೇವರೆಂದು ನಾನು ಹೇಳುತ್ತಿಲ್ಲ. ಹರಿದ ಚಡ್ಡಿಯನ್ನು ನೋಡಿ ನಗುವವರೂ ಅವರೇ, ಟೆಂಟಿನಲ್ಲಿರುವ ಹುಡುಗನಿಗೆ ಅಡ್ಡಹೆಸರು ಇಡುವವರೂ ಅವರೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ದೂರ ಕೂತ ಮಗು ನಗುತ್ತದೆ, ಪಕ್ಕದಲ್ಲಿ ಕೂತ ಮಗು ಹಂಚಿಕೊಳ್ಳುತ್ತದೆ. ಕರುಣೆ ಹುಟ್ಟಲಿಕ್ಕೆ ಹತ್ತಿರ ಬೇಕು. ಆ ಹತ್ತಿರವನ್ನು ಮಾಡಿಕೊಡುವುದು ದೊಡ್ಡವರ ಕೆಲಸ.

ಆಟಿಯ ಮಳೆಯಲ್ಲಿ

ನಮ್ಮ ಕಡೆ ಹಸಿವಿಗೊಂದು ಋತು ಇತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು. ಕಳೆದ ಬೆಳೆಯ ಭತ್ತ ಮುಗಿದಿರುತ್ತಿತ್ತು, ಹೊಸ ಬೆಳೆ ಇನ್ನೂ ಗದ್ದೆಯಲ್ಲಿ. ಕೂಲಿಗೆ ಹೋಗೋಣವೆಂದರೆ ಮಳೆ ಬಿಡುವುದಿಲ್ಲ. ಆಗ ಗುಡ್ಡದ ತಜಂಕ್, ತೋಡಿನ ಬದಿಯ ಕೆಸು, ಬಿದಿರಿನ ಕಣಿಲೆ, ಮಣ್ಣು ಸವರಿ ಕಾಪಿಟ್ಟ ಹಲಸಿನ ಬೀಜ ಇವೇ ಜನರನ್ನು ಸಾಕಿದವು. ಈಗ ಶಾಲೆಗಳಲ್ಲಿ, ಸಂಘಗಳಲ್ಲಿ 'ಆಟಿಡೊಂಜಿ ದಿನ' ಎಂದು ಆಚರಿಸುತ್ತೇವೆ, ಅದೇ ತಿನಿಸುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಡುತ್ತೇವೆ. ಮಕ್ಕಳು ಮನೆಯಿಂದ ಪತ್ರೊಡೆ ತರುತ್ತಾರೆ. ಅದು ಚಂದದ ಆಚರಣೆ. ಆ ದಿನ ಒಂದು ಮಾತನ್ನು ಮಾತ್ರ ಸೇರಿಸಿ ಹೇಳಬೇಕು: ಈ ಎಲೆಗಳನ್ನು ನಮ್ಮ ಅಜ್ಜ ಅಜ್ಜಿ ರುಚಿಗಾಗಿ ಹುಡುಕಿಕೊಂಡು ಹೋದದ್ದಲ್ಲ, ಬೇರೇನೂ ಇಲ್ಲದ್ದಕ್ಕೆ ಹೋದದ್ದು.

ಆಟಿಯ ಆ ಹಸಿವು ಪೂರ್ತಿ ಹೋಗಿಲ್ಲ, ವಿಳಾಸ ಬದಲಾಯಿಸಿದೆ. ರಬ್ಬರ್ ಮರಕ್ಕೆ ಮಳೆ ಬಿದ್ದರೆ ಟ್ಯಾಪಿಂಗ್ ಇಲ್ಲ, ಪ್ಲಾಸ್ಟಿಕ್ ಹೊದಿಸದ ಮರದಿಂದ ಹಾಲು ಸಿಗುವುದಿಲ್ಲ. ಕೆಂಪುಕಲ್ಲಿನ ಕೋರೆಯಲ್ಲಿ ನೀರು ನಿಂತರೆ ಕೆಲಸ ಇಲ್ಲ. ರಸ್ತೆ ಕಾಮಗಾರಿ ನಿಲ್ಲುತ್ತದೆ. ಉತ್ತರ ಕರ್ನಾಟಕದಿಂದ, ಅದಕ್ಕೂ ದೂರದ ರಾಜ್ಯಗಳಿಂದ ದುಡಿಯಲು ಬಂದ ಕುಟುಂಬಗಳ ಟಾರ್ಪಾಲಿನ ಸೂರು ಸೋರುತ್ತದೆ. ಶಾಲೆ ಶುರುವಾಗುವ ಕಾಲವೂ ಮಳೆಗಾಲವೇ, ಕೈಯಲ್ಲಿ ಕಾಸಿಲ್ಲದ ಕಾಲವೂ ಅದೇ. ಹೊಸ ಪುಸ್ತಕದ ವಾಸನೆಯ ಪಕ್ಕದಲ್ಲೇ ಒಣಗದ ಬಟ್ಟೆಯ ವಾಸನೆಯೂ ತರಗತಿಗೆ ಬರುತ್ತದೆ.

ಆ ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಮೂವರು ನಡೆದು ಬರುವುದನ್ನು ಈ ರಸ್ತೆಗಳಲ್ಲಿ ಯಾರು ನೋಡಿಲ್ಲ? ಮೂವರ ಹೊರಗಿನ ಭುಜವೂ ಒದ್ದೆ, ನಡುವಿನ ಚೀಲ ಮಾತ್ರ ಒಣಗಿರುತ್ತದೆ. ಚೀಲ ಯಾರದೆಂದು ಕೇಳಿದರೆ ಕೊಡೆ ಇಲ್ಲದವನದು.

ವಾರಾನ್ನದಿಂದ ಸಾಲಿನ ತಟ್ಟೆಗೆ

ಓದುವ ಮಗುವಿನ ಹಸಿವಿಗೆ ಕನ್ನಡನಾಡು ಹಿಂದಿನಿಂದಲೂ ಏನೋ ಒಂದು ದಾರಿ ಹುಡುಕುತ್ತ ಬಂದಿದೆ. ಹಳೆಯ ಮೈಸೂರು ಸೀಮೆಯ ವಾರಾನ್ನ ಅಂಥದ್ದೊಂದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ದಿನಕ್ಕೆ ಏಳು ಮನೆ. ಎಸ್.ಎಲ್. ಭೈರಪ್ಪನವರು 1996ರಲ್ಲಿ ಪ್ರಕಟವಾದ ಆತ್ಮವೃತ್ತಾಂತ 'ಭಿತ್ತಿ'ಯಲ್ಲಿ ಆ ಬದುಕನ್ನು ತೆರೆದಿಟ್ಟಿದ್ದಾರೆ. ಪ್ಲೇಗು ಮನೆಯವರನ್ನು ಕಿತ್ತುಕೊಂಡ ಹುಡುಗ ವಾರಾನ್ನ ಉಂಡು, ಸಿಕ್ಕಿದ ಕಡೆ ಮಲಗಿ, ಊದುಬತ್ತಿ ಮಾರಿ, ಮುಂಬೈಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿ ಮುಂದೆ ಕನ್ನಡದ ದೊಡ್ಡ ಕಾದಂಬರಿಕಾರನಾದ. ವಾರಾನ್ನ ಹಾಕಿದ ಮನೆಗಳು ಸಾವಿರಾರು ಮಕ್ಕಳ ಓದನ್ನು ಉಳಿಸಿದವು. ಆದರೂ ದಿನಕ್ಕೊಂದು ಹೊಸಿಲ ಮುಂದೆ ನಿಂತು, ಒಳಗಿನಿಂದ ಕರೆ ಬರುವವರೆಗೆ ಕಾಯಬೇಕಿತ್ತಲ್ಲ, ಆ ಕಾಯುವಿಕೆಯ ಭಾರವನ್ನು ಹೊತ್ತದ್ದು ಮಗುವೇ. ವಾರಾನ್ನ ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹಾಗೆ ಹೊಸಿಲೇ ತೆರೆಯದ ಮಕ್ಕಳಿಗಾಗಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಬ್ಬರು ಬಾಗಿಲು ತೆರೆದರು. ಕಾಸರಗೋಡು ಸೀಮೆಯ ಕುದ್ಮುಲ್ ರಂಗರಾವ್ (1859–1928) 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರುಮಾಡಿದಾಗ ಬಹಿಷ್ಕಾರ, ಬೈಗುಳ ಎರಡನ್ನೂ ಉಂಡರು. ಮಕ್ಕಳನ್ನು ಕರೆತರಲು ಅವರು ಕಂಡುಕೊಂಡ ಉಪಾಯಗಳಲ್ಲಿ ಮಧ್ಯಾಹ್ನದ ಊಟವೂ ಒಂದು. ಖಾಲಿ ಹೊಟ್ಟೆಗೆ ಅಕ್ಷರ ಹಿಡಿಯುವುದಿಲ್ಲವೆಂಬ ಸರಳ ಸತ್ಯವನ್ನು ಸರ್ಕಾರಕ್ಕಿಂತ ನೂರು ವರ್ಷ ಮೊದಲೇ ಅವರು ತಿಳಿದಿದ್ದರು.

ಸರ್ಕಾರದ ದಾರಿ ನಿಧಾನದ್ದು. 1995ರ ಆಗಸ್ಟ್ 15ರಂದು ಕೇಂದ್ರದ ಪೌಷ್ಟಿಕ ಬೆಂಬಲ ಕಾರ್ಯಕ್ರಮ ಶುರುವಾದಾಗ ನಮ್ಮಲ್ಲಿ ಮಕ್ಕಳಿಗೆ ಸಿಕ್ಕಿದ್ದು ಅನ್ನವಲ್ಲ, ಅಕ್ಕಿ. ಹಾಜರಿ ಸರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೊ. ಅಕ್ಕಿ ಮನೆಗೆ ಹೋದ ಮೇಲೆ ಮನೆಯವರದಾಗುತ್ತಿತ್ತು, ಮಧ್ಯಾಹ್ನದ ಹಸಿವು ಮಗುವಿನದಾಗಿಯೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ, ಶಾಲೆಯಲ್ಲೇ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ'ದ ಒಲೆ ಉರಿಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು, 2007ರ ಹೊತ್ತಿಗೆ ಹತ್ತನೆಯ ತರಗತಿ ಮುಟ್ಟಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಸೇರಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರದ ಆರೂ ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 150 ಗ್ರಾಂ ಧಾನ್ಯ ಎಂದು ಲೆಕ್ಕ. ಬೇಳೆ 20 ಗ್ರಾಂ, 30 ಗ್ರಾಂ. ಈ ಗ್ರಾಂಗಳ ಲೆಕ್ಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದರೊಳಗಿನ ಒಂದು ಗುಣ. ಬಿಸಿಯೂಟದ ಸಾಲಿನಲ್ಲಿ ಕೂರಲು ಯಾರೂ ತಾನು ಹಸಿದಿದ್ದೇನೆಂದು ಸಾಬೀತು ಮಾಡಬೇಕಿಲ್ಲ. ತೋಟದ ಯಜಮಾನರ ಮಗಳೂ ಅದೇ ಸಾಲು, ತೋಟದಲ್ಲಿ ಅಡಿಕೆ ಹೆಕ್ಕುವವರ ಮಗಳೂ ಅದೇ ಸಾಲು. ಯಾರ ಮನೆಯಲ್ಲಿ ಬೆಳಗ್ಗೆ ಒಲೆ ಹತ್ತಿಲ್ಲ ಎಂಬುದು ತಟ್ಟೆಯ ಮೇಲೆ ಬರೆದಿರುವುದಿಲ್ಲ. ಬುತ್ತಿಯ ಮುಚ್ಚಳಕ್ಕೆ ದೋಸೆ ಹಾಕುತ್ತ 'ಜಾಸ್ತಿ ಕಟ್ಟಿದ್ದಾರೆ' ಎಂದು ಸುಳ್ಳು ಹೇಳಿದ ಮಗು ಏನನ್ನು ಕಾಪಾಡಿತ್ತೋ ಅದನ್ನೇ ಈ ಸಾಲೂ ಕಾಪಾಡಿತು. ಮಕ್ಕಳ ಉಪಾಯ ಕಾನೂನಾದ ಅಪರೂಪದ ಸಂದರ್ಭ ಇದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಇರಬೇಕೆಂದು ಅದೇ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು. ಬಡಿಸುವ ಕೈ ಯಾವುದೆಂದು ನೋಡದೆ ಉಣ್ಣುವ ಅಭ್ಯಾಸವನ್ನೂ ಸಾಲು ಕಲಿಸಬೇಕೆಂಬುದು ಅದರ ಆಶಯ.

ನಮ್ಮ ಜಿಲ್ಲೆಯ ಶಾಲೆಗಳು ಈ ಸಾಲಿಗೆ ತಮ್ಮದೊಂದು ಪಾಲನ್ನು ಸೇರಿಸಿವೆ. ಜಾತ್ರೆಗೆ ಹೊರೆಕಾಣಿಕೆ ಒಯ್ಯುವ ಊರು ಇದು. ಹಾಗಾಗಿ ಮಕ್ಕಳು ಶಾಲೆಗೂ ತೆಂಗಿನಕಾಯಿ, ಬಸಳೆ, ಸೌತೆ, ಬಾಳೆಕಾಯಿ ತರುವುದು ಇಲ್ಲಿ ಸಹಜ. ಪುತ್ತೂರು, ಸುಳ್ಯ ತಾಲೂಕುಗಳ ಹಲವು ಶಾಲೆಗಳಿಗೆ ಸ್ವಂತ ಅಡಿಕೆ ತೋಟವಿದೆ, ಹಿತ್ತಿಲಲ್ಲಿ ತರಕಾರಿ ಬೆಳೆಯುತ್ತಾರೆ. ಅಂಗಳದ ಮೂಲೆಯ ಬದನೆ ಗಿಡಕ್ಕೆ ನೀರು ಹೊಯ್ದ ಮಗುವೂ, ಮನೆಯಿಂದ ಕಾಯಿ ತರಲಾಗದ ಮಗುವೂ ಒಂದೇ ಸಾಂಬಾರಿಗೆ ಪಾಲುದಾರರು. ತರಲು ಏನೂ ಇಲ್ಲದವನು ನೀರು ಹೊಯ್ಯಬಹುದು, ಎಲೆ ಎತ್ತಬಹುದು, ಬಡಿಸಬಹುದು. ತೆಗೆದುಕೊಳ್ಳುವವನಿಗೂ ಕೊಡಲು ಏನಾದರೊಂದು ಇರಬೇಕು. ಇಲ್ಲದಿದ್ದರೆ ಊಟ ಹೊಟ್ಟೆಗೆ ಹೋಗುತ್ತದೆ, ಮನಸ್ಸಿಗೆ ಹತ್ತುವುದಿಲ್ಲ.

ಎರಡು ಸಲ ಊರು ಬಿಟ್ಟವರ ಮಕ್ಕಳು

ಹಸಿವಿಗೆ ಸಾಲು ಸಿಕ್ಕಿತು. ಸೂರಿನ ಮಾತು ಇನ್ನೂ ಕಷ್ಟದ್ದು.

ಐವರ್ನಾಡಿನ ಸುತ್ತಮುತ್ತ, ಸುಳ್ಯ, ಪುತ್ತೂರು, ಕಡಬದ ಉದ್ದಕ್ಕೂ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅವುಗಳಲ್ಲಿ ದುಡಿಯುವ ತಮಿಳು ಕುಟುಂಬಗಳ ಕತೆ ಇಲ್ಲಿಂದ ಬಹಳ ದೂರದಲ್ಲಿ ಆರಂಭವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಚಹಾ ತೋಟಗಳಿಗೆ ಹೋದವರು ಅವರ ಹಿರಿಯರು. 1948ರ ಸಿಲೋನ್ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಜನರನ್ನು ಭಾರತ, 3,00,000 ಜನರನ್ನು ಸಿಲೋನ್ ಒಪ್ಪಿಕೊಳ್ಳಬೇಕೆಂದು ತೀರ್ಮಾನವಾಯಿತು. ತಲೈಮನ್ನಾರಿನಿಂದ ಹಡಗೇರಿ ರಾಮೇಶ್ವರದಲ್ಲಿ ಇಳಿದವರು ಮಂಟಪಂ ಶಿಬಿರ ದಾಟಿ ಎಲ್ಲೆಲ್ಲಿಗೋ ಚದುರಿದರು. 1971ರಲ್ಲಿ ಸ್ಥಾಪನೆಯಾದ ನಿಗಮ ಅವರಲ್ಲಿ ಹಲವರಿಗೆ ನಮ್ಮ ಗುಡ್ಡಗಳಲ್ಲಿ ಕೆಲಸ ಕೊಟ್ಟಿತು, ತೋಟದ ನಡುವೆ ಸಾಲುಮನೆ ಕೊಟ್ಟಿತು.

ಎರಡು ಸಲ ಊರು ಬಿಟ್ಟವರ ಮಕ್ಕಳು ಸ್ಲೇಟು ಹಿಡಿದು ಕನ್ನಡ ಶಾಲೆಗೆ ಬಂದರು. ಮನೆಯಲ್ಲಿ ತಮಿಳು, ಆಟದ ಬಯಲಲ್ಲಿ ತುಳು, ಹಲಗೆಯ ಮೇಲೆ ಕನ್ನಡ. ಅವರಿಗೆ ತುಳು ಕಲಿಸಿದ ಮೇಷ್ಟ್ರು ಯಾರೂ ಇರಲಿಲ್ಲ, ಲಗೋರಿ ಆಡುವ ಗೆಳೆಯರೇ ಕಲಿಸಿದರು. ಸರ್ಕಾರಗಳು ಲಕ್ಷದ ಲೆಕ್ಕದಲ್ಲಿ ಹಂಚಿಕೊಂಡ ಜನರನ್ನು ಮಕ್ಕಳು ಹೆಸರು ಹಿಡಿದು ಕರೆದರು. ಕಚೇರಿಯ ಕಾಗದ ಕೈಗೆ ಬರುವ ಮೊದಲೇ ಆಟದ ತಂಡದಲ್ಲಿ ಜಾಗ ಸಿಕ್ಕಿತು. ಊರಿಗೆ ಸೇರುವುದೆಂದರೆ ಮೊದಲು ಅದೇ.

ಆದರೂ ಒಂದು ಮುಳ್ಳು ಉಳಿದಿದೆ. ಕೆಲಸಕ್ಕೆ ಅಂಟಿಕೊಂಡ ಮನೆ ಕೆಲಸ ಇರುವಷ್ಟು ದಿನದ್ದು. ಅಪ್ಪ ನಿವೃತ್ತನಾದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಆ ಸಾಲುಮನೆಗಳಲ್ಲಿ ಬೆಳೆದ ಮಗುವಿನ ತಲೆಯ ಮೇಲೆ ಸದಾ ತೂಗುತ್ತದೆ. ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆದ ಕುಟುಂಬಗಳ ಕತೆಯಂತೂ ತಲೆಮಾರು ದಾಟಿದೆ. ಸೂರಿಲ್ಲದವರೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಮಾತ್ರ ಎಂದು ನಾವು ಅಂದುಕೊಳ್ಳುತ್ತೇವೆ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ಅಂಥವರೆಂದು ಎಣಿಸಿತು. ನೆಂಟರ ಮನೆಯ ಪಡಸಾಲೆಯಲ್ಲಿ ಇಕ್ಕಟ್ಟಿನಲ್ಲಿ ಮಲಗುವ ಮಗು, ನಾಳೆ ಬಿಡಬೇಕಾದ ಬಾಡಿಗೆ ಕೋಣೆಯ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 1987ರಿಂದ ಇರುವ ಮೆಕಿನ್ನಿ-ವೆಂಟೊ ಕಾಯ್ದೆಯಡಿ, ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ತಂಗಿರುವ ಮಗುವನ್ನೂ ಮನೆಯಿಲ್ಲದ ಮಗುವೆಂದೇ ಶಾಲೆ ಎಣಿಸಿ ನೆರವಾಗಬೇಕು. ಮಗುವಿನ ಕಡೆಯಿಂದ ನೋಡಿದರೆ ಅದೇ ಸರಿ. ಪುಸ್ತಕ ಇಡಲು ತನ್ನದೆಂಬ ಮೂಲೆ ಇಲ್ಲದ ಮಗುವಿಗೆ ಮನೆ ಇಲ್ಲ.

ಶಾಲೆಯೇ ಮನೆಯಾದ ದಿನಗಳು

2018ರ ಆಗಸ್ಟ್ ನಡುವೆ ಮಡಿಕೇರಿ–ಸಂಪಾಜೆ ಘಾಟಿಯ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕುಸಿದು ಮನೆಗಳನ್ನು ಕೊಚ್ಚಿಕೊಂಡು ಹೋದಾಗ ಕೆಳಗಿನ ಸುಳ್ಯ ತಾಲೂಕು ತನ್ನ ಶಾಲೆಗಳ ಬಾಗಿಲು ತೆರೆಯಿತು. ಸಂಪಾಜೆ, ಕಲ್ಲುಗುಂಡಿ, ಅರಂತೋಡು ಭಾಗದಲ್ಲಿ ಪರಿಹಾರ ಕೇಂದ್ರಗಳಾದವು. ಪಾಠದ ಕೋಣೆಗಳಲ್ಲಿ ಚಾಪೆ ಹಾಸಿದರು, ಊರವರು ಅಕ್ಕಿ, ತರಕಾರಿ, ಬಟ್ಟೆ ಹೊತ್ತು ತಂದರು. ಮನೆ ಹೋದ ಮಕ್ಕಳಿಗೂ, ಶಾಲೆ ಬಿಟ್ಟುಕೊಟ್ಟ ಮಕ್ಕಳಿಗೂ ಆ ದಿನಗಳು ದೊಡ್ಡ ಪಾಠ. ಕೊಡಗಿನ ಸಂತ್ರಸ್ತರಿಗೆ ಮದೆನಾಡು, ಜಂಬೂರಿನಲ್ಲಿ ಕಟ್ಟಿದ ಮನೆಗಳ ಕೀಲಿ ಕೈಗೆ ಸಿಕ್ಕಿದ್ದು 2020ರ ಜೂನ್‌ನಲ್ಲಿ. ದೊಡ್ಡವರಿಗೆ ಎರಡು ವರ್ಷ ಸಣ್ಣ ಅವಧಿ ಇರಬಹುದು. ಎಂಟು ವರ್ಷದ ಮಗುವಿಗೆ ಅದು ಬದುಕಿನ ಕಾಲುಭಾಗ.

ಆಮೇಲೆ 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದ ಕುಮಾರಧಾರೆ ಬಳಿ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಪುಟ್ಟ ಅಕ್ಕತಂಗಿಯರನ್ನು ಕಳೆದುಕೊಂಡೆವು. ಮರುದಿನ ಈ ಭಾಗದ ಎಷ್ಟೋ ಮಕ್ಕಳು ತಮ್ಮ ಮನೆಯ ಹಿಂದಿನ ಧರೆಯನ್ನು ಬೇರೆ ಕಣ್ಣಿನಿಂದ ನೋಡಿರಬೇಕು. ಸೂರು ಎಂಬುದು ಎಲ್ಲರಿಗೂ ಗಟ್ಟಿಯಾಗಿಲ್ಲವೆಂಬ ತಿಳಿವಳಿಕೆ ಇಲ್ಲಿಯ ಮಕ್ಕಳಿಗೆ ಪುಸ್ತಕದಿಂದ ಬಂದದ್ದಲ್ಲ.

ಸೂರಿನ ವಿಷಯದಲ್ಲಿ ಮಕ್ಕಳ ಕೈ ಎಷ್ಟು ದೂರ ಚಾಚಬಲ್ಲದೆಂಬುದಕ್ಕೆ ಪಕ್ಕದ ಕೇರಳದಲ್ಲಿ ಒಂದು ಮಾದರಿ ಇದೆ. ಕೊಚ್ಚಿಯ ತೋಪ್ಪುಂಪಡಿಯ ಅವರ್ ಲೇಡೀಸ್ ಕಾನ್ವೆಂಟ್ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ, ತಂದೆಯನ್ನು ಕಳೆದುಕೊಂಡ ಒಬ್ಬ ವಿದ್ಯಾರ್ಥಿನಿಗೆ ಮನೆಯೇ ಇಲ್ಲವೆಂದು ದಶಕದ ಹಿಂದೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲಿಸ್ಸಿ ಚಕ್ಕಾಲಕ್ಕಲ್ ಅವರಿಗೆ ತಿಳಿಯಿತು. ಮಕ್ಕಳು, ಶಿಕ್ಷಕರು, ಊರವರು ಕೈಲಾದಷ್ಟು ಹಾಕಿದರು. ಒಂದು ಪುಟ್ಟ ಮನೆ ಎದ್ದಿತು. ಆಗ ತಿಳಿಯಿತು, ಅಂಥ ಮಕ್ಕಳು ಆ ಶಾಲೆಯಲ್ಲೇ ಇನ್ನೂ ಇದ್ದಾರೆಂದು. 'ಹೌಸ್ ಚಾಲೆಂಜ್' ಎಂಬ ಹೆಸರಿನಲ್ಲಿ ಆ ಕೆಲಸ ಮುಂದುವರಿದು 150ಕ್ಕೂ ಹೆಚ್ಚು ಮನೆಗಳಾದವು. ಕೇರಳದ ಹಲವು ಶಾಲೆಗಳ ಎನ್‌ಎಸ್‌ಎಸ್ ಘಟಕಗಳೂ 'ಸಹಪಾಠಿಗೊಂದು ಮನೆ' ಎಂಬ ಕೆಲಸವನ್ನು ಕೈಗೆತ್ತಿಕೊಂಡಿವೆ. ಪಕ್ಕದ ಬೆಂಚಿನ ಗೆಳತಿ ಎಲ್ಲಿ ಮಲಗುತ್ತಾಳೆಂದು ಒಂದು ಶಾಲೆ ವಿಚಾರಿಸಿತು, ಅಷ್ಟೇ. ಉಳಿದದ್ದೆಲ್ಲ ಆ ವಿಚಾರಣೆಯ ಹಿಂದೆ ಬಂತು.

ದೊಡ್ಡವರ ಪಾಲಿನ ಕೆಲಸ

ಮಕ್ಕಳ ಕರುಣೆಯನ್ನು ಹೊಗಳಿ ಕೂತರೆ ನಮ್ಮ ಹೊಣೆ ಮುಗಿಯುವುದಿಲ್ಲ. ಒಬ್ಬ ಹುಡುಗನ ಎರಡು ದೋಸೆ ಇನ್ನೊಬ್ಬನ ಮಧ್ಯಾಹ್ನವನ್ನು ದಾಟಿಸಬಹುದು, ದಸರಾ ರಜೆಯನ್ನು ದಾಟಿಸಲಾರದು. ಬೇಸಿಗೆಯ ಎರಡು ತಿಂಗಳು ಬಿಸಿಯೂಟದ ಒಲೆ ತಣ್ಣಗಿರುತ್ತದೆ. ಸೋಮವಾರ ಮಧ್ಯಾಹ್ನ ಯಾವ ಮಗು ಎರಡನೇ ಸಲ, ಮೂರನೇ ಸಲ ತಟ್ಟೆ ಚಾಚುತ್ತದೆಂದು ಅಡುಗೆಯ ಅಕ್ಕನಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಅಡುಗೆಮನೆಯಲ್ಲೇ ನಿಲ್ಲಬಾರದು. ಅದು ಮೆಲ್ಲಗೆ ಮೇಷ್ಟ್ರಿಗೆ, ಮೇಷ್ಟ್ರಿಂದ ಆಶಾ ಕಾರ್ಯಕರ್ತೆಗೆ, ಪಂಚಾಯತಿಗೆ ತಲುಪಬೇಕು.

ಕಾನೂನು ನಮ್ಮ ಕಡೆಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಜನನ ಪತ್ರ ಇಲ್ಲ, ಟಿಸಿ ಬಂದಿಲ್ಲ, ವರ್ಷದ ನಡುವೆ ಬಂದಿದ್ದಾನೆ ಎಂಬ ಕಾರಣ ಹೇಳಿ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಹೊರಗಿಡುವಂತಿಲ್ಲ. ಟೆಂಟಿನ ಮಗು ಇವತ್ತು ಬಂದರೆ ಇವತ್ತೇ ಸಾಲಿನಲ್ಲಿ ತಟ್ಟೆ ಇರಬೇಕು. ಆಸರೆಯೇ ಇಲ್ಲದ ಮಗುವಿಗಾಗಿ ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ, 1098 ಸಹಾಯವಾಣಿ ಇದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯ್ದೆಯ 94ಸಿ ಕಲಂ, ನಿವೇಶನ ಇದ್ದವರಿಗೆ ವಸತಿ ಯೋಜನೆ ಇವೆ. ನಿವೇಶನವೇ ಇಲ್ಲದವರ ಅರ್ಜಿಗೆ ಯಾರಾದರೂ ಬೆನ್ನು ಹತ್ತದಿದ್ದರೆ ಅದು ಕಡತದಲ್ಲೇ ಮಲಗುತ್ತದೆ.

ಇನ್ನೊಂದು ಜಾಗವೂ ಇದೆ, ನಾವು ಸರಿಯಾಗಿ ಬಳಸದ ಜಾಗ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಮಕ್ಕಳು ಎದ್ದು ಶಾಲೆಗೆ ಆಟದ ಬಯಲು ಬೇಕು, ಕಾಲುಸಂಕ ಬೇಕು, ಬಸ್ಸು ನಿಲ್ಲಿಸಬೇಕು ಎಂದು ಕೇಳುತ್ತಾರೆ. 'ನಮ್ಮ ತರಗತಿಯಲ್ಲಿ ಒಬ್ಬರಿಗೆ ಮನೆ ಇಲ್ಲ' ಎಂದು ಹೆಸರು ಹೇಳದೆಯೂ ಅಲ್ಲಿ ಕೇಳಬಹುದು. ಕೇಳಿದ ದಿನ ವೇದಿಕೆಯ ಮೇಲಿರುವವರು ಅದನ್ನು ಬರೆದುಕೊಳ್ಳಬೇಕು, ಮುಂದಿನ ವರ್ಷದ ಸಭೆಗೆ ಉತ್ತರ ತರಬೇಕು.

ಮಕ್ಕಳಿಂದ ಕಲಿಯಬೇಕಾದ ಮರ್ಯಾದೆಯ ಪಾಠವನ್ನಂತೂ ಇವತ್ತೇ ಶುರುಮಾಡಬಹುದು. ಸಹಾಯ ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದು ಬೇಡ. ಚೀಲದ ಮೇಲೆ ದಾನಿಗಳ ಹೆಸರು ಬರೆಸುವುದು ಬೇಡ. ಸಭೆಯಲ್ಲಿ 'ಬಡ ವಿದ್ಯಾರ್ಥಿ' ಎಂದು ಮೈಕಿನಲ್ಲಿ ಕರೆಯುವುದು ಬೇಡ. ಕೊಡುವುದನ್ನು ಇಡೀ ತರಗತಿಗೆ ಕೊಡಿ, ಇಲ್ಲವೇ ಯಾರಿಗೂ ಕಾಣದಂತೆ ಕೊಡಿ. ಬುತ್ತಿಯ ಮುಚ್ಚಳಕ್ಕೆ ದೋಸೆ ಹಾಕಿದ ಹುಡುಗ ಸುತ್ತ ನೋಡಿರಲಿಲ್ಲ, ಯಾರು ನೋಡುತ್ತಿದ್ದಾರೆಂದು ಲೆಕ್ಕ ಹಾಕಿರಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಈ ಕಡೆಯ ಯಾವುದಾದರೊಂದು ಶಾಲೆಯ ಜಗಲಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ತಟ್ಟೆಗಳ ಸದ್ದು, ಬಿಸಿ ಅನ್ನದ ಹೊಗೆ, ತೆಂಗಿನಕಾಯಿ ಅರೆದು ಹಾಕಿದ ಸಾಂಬಾರಿನ ಪರಿಮಳ. ಅಡುಗೆಯ ಅಕ್ಕ ಸೌಟು ಹಿಡಿದು ಸಾಲಿನ ನಡುವೆ ಬರುವಾಗ 'ಒಣಸ್ ಆಂಡಾ?' ಎಂದು ಕೇಳುವುದಿಲ್ಲ. ಅವರು ಕೇಳುವುದು 'ನನ ಬೋಡಾ?' ಎಂದು. ಕನ್ನಡದ ಕಿವಿಗೆ 'ನನ' ಎಂದರೆ ನನ್ನದು ಎಂದು ಕೇಳಿಸೀತು. ತುಳುವಿನಲ್ಲಿ ಅದರ ಅರ್ಥ 'ಇನ್ನೂ'. ಇನ್ನೂ ಬೇಕಾ? ಆಯಿತಾ ಎಂಬ ಪ್ರಶ್ನೆಗೆ ಸುಳ್ಳು ಹೇಳಬಹುದು. ಇನ್ನೂ ಬೇಕಾ ಎಂದು ಎದುರು ನಿಂತು ಕೇಳಿದರೆ ಹಸಿದ ಮಗು ಮಾತಾಡಬೇಕಿಲ್ಲ, ತಟ್ಟೆ ಚಾಚಿದರೆ ಸಾಕು. ಚಾಚಲು ನಾಚಿಕೊಂಡರೆ ಪಕ್ಕದಲ್ಲಿ ಕೂತವನು ಅವನ ತಟ್ಟೆಯನ್ನು ತಾನೇ ಮುಂದೆ ದೂಡುತ್ತಾನೆ.

'ಇವನಿಗೆ ಹಾಕಿ ಅಕ್ಕ.'

ಅಷ್ಟು ಹೇಳಿ ತನ್ನ ಅನ್ನ ಕಲಸತೊಡಗುತ್ತಾನೆ.